ಬೆಳಗ್ಗೆ ಹಿಂದೋಳ, ರಾತ್ರಿ ಮಾಲ್ಕೌಂಸ್: ಎರಡೂ ಒಂದೇನಾ?

ಪ್ಲಾಸ್ಟರ್ ಕಾಲು:
ಕಾಲು ಮುರಿದುಕೊಂಡು ಒಂದು ವಾರದಿಂದ ಮಂಚ ಹಿಡಿದಿದ್ದೇನೆ. ತಲೆದಿಂಬಿನ ಪಕ್ಕ ಅಮ್ಮನ ರೇಡಿಯೊ. ಅದು ಯಾವಾಗಲೂ 100.1, ಬೆಂಗಳೂರಿನ ಅಮೃತವರ್ಷಿಣಿ, ಆಕಾಶವಾಣಿಯ ಶಾಸ್ತ್ರೀಯ ಸಂಗೀತದ ಎಫ್‌ಎಂ. ಮುಳ್ಳು ತಿರುಗಿಸಿದರೆ ಅಮ್ಮ ಬೈಯ್ತಾರೆ. ಸೋಮವಾರ ತಲೆ ಚಿಟ್ಟು ಹಿಡಿಯಿತು. ಬುಧವಾರದ ಹೊತ್ತಿಗೆ ಒಗ್ಗಿಹೋಯಿತು. ನಿನ್ನೆ ಸೆಲ್ ಮುಗಿದಾಗ ನಾನೇ ಕುಂಟುತ್ತಾ ಹೋಗಿ ಹುಡುಕಿ ಹಾಕಿದೆ!

ಸಂಗೀತ ಕಲಿತವನಲ್ಲ, ಅದಕ್ಕೇ ಕೇಳ್ತಿದ್ದೇನೆ. ಒಂದು ದಿನ ಬೆಳಗ್ಗೆ ರೇಡಿಯೊ ಕಛೇರಿಯಲ್ಲಿ ಹಿಂದೋಳ ರಾಗ ಬಂತು. ಅದೇ ರಾತ್ರಿ ಸಿತಾರ್‌ನಲ್ಲಿ ಮಾಲ್ಕೌಂಸ್. ಎಲ್ಲೋ ಕೇಳಿದ್ದೀನಲ್ಲ, ಇದು ಬೆಳಗಿನದ್ದೇ ಅಲ್ವಾ ಅನಿಸಿತು. ನನ್ನ ಕಿವಿ ಕೆಟ್ಟಿದೆಯಾ? ಇನ್ನೊಂದು: ಇವರೆಲ್ಲ ಅರ್ಧ ಗಂಟೆಗೆ ಸರಿಯಾಗಿ ಹೇಗೆ ಮುಗಿಸ್ತಾರೆ? ಮತ್ತೆ, ಉದ್ಘೋಷಕಿ ರಾಗದ ಹೆಸರು ಹೇಳುವ ಹೊತ್ತಿಗೇ ನಮ್ಮನೆ ಕುಕ್ಕರ್ ಕೂಗುತ್ತೆ, ಅದಕ್ಕೇನಾದರೂ ಪರಿಹಾರ ಇದ್ದರೆ ಹೇಳಿ.

ತಂಬೂರಿ ತಾತ:
ಕಿವಿ ಚೆನ್ನಾಗಿಯೇ ಇದೆ ಮಹಾರಾಯ. ಎರಡಕ್ಕೂ ಅವೇ ಐದು ಸ್ವರ, ರಿಷಭ ಪಂಚಮ (ಸರಿಗಮಪದನಿಯ ರಿ, ಪ) ಎರಡೂ ಇಲ್ಲ. ವ್ಯತ್ಯಾಸ ಇರುವುದು ನಡಿಗೆಯಲ್ಲಿ. ನಮ್ಮ ಕರ್ನಾಟಕ ಸಂಗೀತದವರು ಹಿಂದೋಳದ ಸ್ವರಗಳಿಗೆ ಗಮಕ, ಅಂದ್ರೆ ಓಲಾಟ, ಕೊಟ್ಟು ಆಡಿಸ್ತಾರೆ. ಮಾಲ್ಕೌಂಸ್ ನುಡಿಸುವ ಹಿಂದೂಸ್ತಾನಿಯವರು ಮಧ್ಯಮದ (ಮ) ಮೇಲೆ ನಿಂತುಬಿಡ್ತಾರೆ, ಅವಸರವೇ ಇಲ್ಲ.

ಹೊತ್ತಿನ ವಿಷಯ ಅಂದ್ರೆ, ಹಿಂದೂಸ್ತಾನಿಯಲ್ಲಿ ಅದು ಕಟ್ಟುನಿಟ್ಟು. ತೋಡಿ ಬೆಳಗ್ಗೆ, ಮಾರ್ವಾ ಸೂರ್ಯ ಮುಳುಗುವಾಗ, ದರ್ಬಾರಿ ನಡುರಾತ್ರಿ. ನಮ್ಮಲ್ಲಿ ಭೂಪಾಳ ಬೆಳಗಿಗೆ, ನೀಲಾಂಬರಿ ಮಲಗುವ ಹೊತ್ತಿಗೆ ಅಂತ ಇದೆ, ಆದರೆ ಕಛೇರಿಯಲ್ಲಿ ಯಾರೂ ಗಡಿಯಾರ ನೋಡಿ ರಾಗ ಆರಿಸುವುದಿಲ್ಲ. ಕಲ್ಯಾಣಿ ಬೆಳಗ್ಗೆ ಎಂಟಕ್ಕೂ ನಡೆಯುತ್ತೆ. ನಿಮಗೆ ಒಂದು ಪರೀಕ್ಷೆ ಕೊಡ್ತೀನಿ: ಬೆಳಗ್ಗೆ ಹಿಂದೂಸ್ತಾನಿಯ ದೇಶ್ಕಾರ್ ಬಂದರೆ ಕೇಳಿ, ಸಂಜೆ ಭೂಪಾಲಿ (ನಮ್ಮ ಭೂಪಾಳ ಅಲ್ಲ) ಕೇಳಿ. ಸ್ವರ ಅವೇ. ಮೊದಲನೆಯದು ಧೈವತದ ಸುತ್ತ ಸುತ್ತುತ್ತೆ, ಎರಡನೆಯದು ಗಾಂಧಾರದಲ್ಲಿ ಮನೆ ಮಾಡುತ್ತೆ. ಇದು ಹೊಳೆದ ದಿನ ಫೋನಲ್ಲಿ ಹಾಡು ಹುಡುಕಿ ಕೇಳುವವರಿಗಿಂತ ನೀವು ಮುಂದೆ. ಅವರು ರಾತ್ರಿ ಹನ್ನೊಂದಕ್ಕೆ ತೋಡಿ ಹಾಕ್ತಾರೆ, ಕರ್ಮ.

ಎರಡನೇ ಪಿಟೀಲು:
ಅರ್ಧ ಗಂಟೆ ಕಥೆ ನಾನು ಹೇಳ್ತೀನಿ, ಒಂದು ಆಕಾಶವಾಣಿ ನಿಲಯದಲ್ಲಿ ಪಕ್ಕವಾದ್ಯಕ್ಕೆ ಕೂತು ಬೆವರಿದ್ದೇನೆ. ಎದುರಿಗೆ ದೊಡ್ಡ ಗಡಿಯಾರ. ಗಾಜಿನಾಚೆ ಒಬ್ಬರು ಬೆರಳು ಎತ್ತಿ ಎರಡು ನಿಮಿಷ ಅಂತಾರೆ. ಗಾಯಕರು ಅದನ್ನು ನೋಡೇ ಇಲ್ಲ ಅನ್ನುವ ಹಾಗೆ ಕಲ್ಪನಾಸ್ವರ (ಆಗಲೇ ಹೊಸೆದು ಹಾಡುವ ಸ್ವರ) ಶುರು ಮಾಡಿದರು, ಮೃದಂಗದವರು ನನ್ನ ಮುಖ ನೋಡಿದರು, ನಾನು ಗಡಿಯಾರ ನೋಡಿದೆ. ಕೊನೆಗೆ ತನಿಯೇ, ಅಂದ್ರೆ ಮೃದಂಗದವರು ಒಬ್ಬರೇ ನುಡಿಸುವ ಸರದಿಯೇ, ಇಲ್ಲ. ಮೃದಂಗದವರು ಕಾಫಿ ಕುಡಿಯುವಾಗಲೂ ಮಾತಾಡಲಿಲ್ಲ.

ಸುಮ್ನೆ ಹೋಗಿ ಹಾಡಲು ಆಗಲ್ಲ. ಮೊದಲು ಆಡಿಷನ್. ಪಾಸಾದರೆ ಬಿ, ಬಿ ಹೈ, ಎ, ಎ ಟಾಪ್ ಅಂತ ಶ್ರೇಣಿ. ನಾನು ಬಿ ಹೈ ಹತ್ತಿರ ಬಂದು ನಿಂತಿದ್ದೇನೆ, ಜಾಸ್ತಿ ಕೇಳಬೇಡಿ.

ಧಾರವಾಡದಾಕಿ:
ನಮ್ಮ ಧಾರವಾಡ ನಿಲಯ ಬಿಟ್ಟು ಮಾತಾಡಿದರೆ ಹೇಗೆ! 1950ರ ಜನವರಿ 8ಕ್ಕೆ ಶುರುವಾದದ್ದು. ಮಲ್ಲಿಕಾರ್ಜುನ ಮನ್ಸೂರರು ಅಲ್ಲಿ ಸಂಗೀತ ಸಲಹೆಗಾರರಾಗಿದ್ದರು. ನಮ್ಮಪ್ಪ ಆಕಾಶವಾಣಿ ಸಂಗೀತ ಸಮ್ಮೇಳನದ ದಿನಗಳಲ್ಲಿ ರಾತ್ರಿ ಊಟ ಬೇಗ ಮುಗಿಸಿ, ತಾಟು ತೊಳೆಯುವ ಸಪ್ಪಳ ಸಹ ಆಗಬಾರದು ಅಂತ ನಮ್ಮನ್ನೆಲ್ಲ ಮಲಗಿಸುತ್ತಿದ್ದರು. ಆ ಸಮ್ಮೇಳನ 1954ರಲ್ಲಿ ಶುರುವಾದದ್ದು.

ಹಳೆಯ ಧ್ವನಿಮುದ್ರಣ ಬಂದರೆ ಒಂದು ಗಮನಿಸಿ. ಹಿಂದೂಸ್ತಾನಿ ಹಾಡುಗಾರಿಕೆಗೆ ಸಾರಂಗಿ (ಕಮಾನಿನಿಂದ ನುಡಿಸುವ ತಂತಿವಾದ್ಯ) ಇರುತ್ತದೆ, ಹಾರ್ಮೋನಿಯಂ, ಅಂದರೆ ನಮ್ಮ ಪೇಟಿ, ಇರುವುದಿಲ್ಲ. 1940ರಿಂದ 1971ರವರೆಗೆ ರೇಡಿಯೊದಲ್ಲಿ ಪೇಟಿಗೆ ನಿಷೇಧ ಇತ್ತು. ಅದರ ಮನೆಗಳು ಗಟ್ಟಿ, ಸ್ವರದಿಂದ ಸ್ವರಕ್ಕೆ ಜಾರಲು ಬರುವುದಿಲ್ಲ ಎಂಬ ವಾದ. ನನಗೆ ಪೇಟಿ ಭಾಳ ಇಷ್ಟ, ಆದರೂ ಸಾರಂಗಿ ಕೇಳಿದ ಮೇಲೆ ಆ ವಾದ ಪೂರ್ತಿ ಸುಳ್ಳು ಅನ್ನಲು ಬಾಯಿ ಬರುವುದಿಲ್ಲ.

ಕುಕ್ಕರಿಗೆ ಪರಿಹಾರ: ಕೊನೆಯಲ್ಲಿ ಇನ್ನೊಮ್ಮೆ ಹೆಸರು ಹೇಳುತ್ತಾರೆ, ಅಲ್ಲಿವರೆಗೆ ಕೂತಿರಿ. ಹೇಗೂ ಎಲ್ಲಿಗೂ ಹೋಗುವ ಹಾಗಿಲ್ಲವಲ್ಲ.

ಪ್ಲಾಸ್ಟರ್ ಕಾಲು:
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಕೊಳಲು ಬಂತು. ಹೆಸರು ಹೇಳುವಾಗ ಎಂದಿನಂತೆ ಸೀಟಿ. ಐದೇ ಸ್ವರ, ಮಧ್ಯಮದ ಮೇಲೆ ನಿಲ್ತಾರೆ, ರಾತ್ರಿ ಬೇರೆ. ಮಾಲ್ಕೌಂಸ್ ಅಂತ ಅಮ್ಮನ ಹತ್ತಿರ ಹತ್ತು ರೂಪಾಯಿ ಪಂದ್ಯ ಕಟ್ಟಿದೆ. ಕೊನೆಯಲ್ಲಿ ಉದ್ಘೋಷಕಿ ಚಂದ್ರಕೌಂಸ್ ಅಂದರು.

ತಂಬೂರಿ ತಾತ:
ಎರಡು ರಾಗಕ್ಕೂ ವ್ಯತ್ಯಾಸ ನಿಷಾದ (ನಿ) ಮಾತ್ರ, ಆ ಒಂದೇ ಒಂದು ಸ್ವರದಲ್ಲಿ ತಪ್ಪಿದ್ದೀರಿ. ಐದು ರೂಪಾಯಿ ಕೊಟ್ಟರೆ ಸಾಕು ಅನ್ನಿ ಅಮ್ಮನಿಗೆ.