ಮನೆ ಗ್ರೂಪಿಗೆ ಬಂದ ಎಣ್ಣೆ ವಿಡಿಯೊ

ಕುಶಾಲನಗರ ಚಿಕ್ಕಮ್ಮ: (ಹಲವು ಸಲ ಫಾರ್ವರ್ಡ್ ಆದ ವಿಡಿಯೊ) “ಸೆರೆಬ್ರಲ್ ಪಾಲ್ಸಿ ಮಕ್ಕಳು ಒಂದೇ ತಿಂಗಳಲ್ಲಿ ನಡೀತಾರೆ! ಫಿಸಿಯೋಥೆರಪಿ ಬೇಡ, ಈ ಎಣ್ಣೆ ಸಾಕು!” ನಮ್ಮ ಪುಟ್ಟಿಗೂ ಆಗಬಹುದು, ನೋಡೇ.

ಬೆಂಗಳೂರು ಭಾವ: ಯಾವ ಡಾಕ್ಟರು ಹೇಳಿದ್ದು? ಎಣ್ಣೆಯಲ್ಲಿ ಏನಿದೆ ಅಂತಾನೂ ಇಲ್ಲ. ಕೊನೆಗೊಂದು ಫೋನ್ ನಂಬರ್, ಅಷ್ಟೇ.

ಕುಶಾಲನಗರ ಚಿಕ್ಕಮ್ಮ: ನಿಮಗೆ ಎಲ್ಲದಕ್ಕೂ ಸಾಕ್ಷಿ ಬೇಕು. ಮಂಡಿನೋವಿಗೆ ಕಷಾಯ ಹೇಳಿದಾಗಲೂ ಎಲ್ಲರ ಮುಂದೆ ನಕ್ಕಿದ್ರಿ.

ಮಡಿಕೇರಿ ದೊಡ್ಡಪ್ಪ: ಹಿರಿಯರ ಎಣ್ಣೆ-ನೀರನ್ನ ಹಗುರ ಮಾಡಬಾರದು. ಮಗು ಅಳೋ ಹಾಗೆ ಕಾಲು ಎಳೆಯೋದು ಯಾವ ಚಿಕಿತ್ಸೆ? ಮಕ್ಕಳ ಕಣ್ಣೀರು ಮನೆಗೆ ಒಳ್ಳೇದಲ್ಲ.

ಸಿದ್ದಾಪುರ ಅಣ್ಣ: ಅಜ್ಜಿ ಹಂಡೆ ನೀರು ಕಾಯಿಸಿ ನಮ್ಮನ್ನ ಸಾಲಾಗಿ ಕೂರಿಸಿ ಎಣ್ಣೆ ತಿಕ್ತಿದ್ರು. ಆಮೇಲೆ ತೋಡಿನ ಸಂಕದ ಮೇಲೆ ಓಟ. ಕಕ್ಕಡದ ಮಳೇಲೂ ಒಬ್ರೂ ಬಿದ್ದಿಲ್ಲ.

ಗೋಣಿಕೊಪ್ಪ ಅಕ್ಕ: ನೀನೇ ಬಿದ್ದಿದ್ದೆ. ನನ್ನ ಹೊಸ ಚಪ್ಪಲಿನೂ ತೇಲಿ ಹೋಯ್ತು.

ನಾನು: ವಿಡಿಯೊ ಪೂರ್ತಿ ನೋಡಿದೆ. ಆ ಮಗು ಮೊದಲೂ ಕೈ ಹಿಡಿದೇ ನಡೀತಿದೆ, ಕೊನೆಗೂ ಹಾಗೇ. ಸೆರೆಬ್ರಲ್ ಪಾಲ್ಸಿ ಅಂದ್ರೆ ಪುಟ್ಟಿಗೆ ಪೆಟ್ಟಾಗಿರೋದು ಮೆದುಳಿಗೆ, ಕಾಲಿಗಲ್ಲ. ಆ ಪೆಟ್ಟು ಹೆಚ್ಚಾಗಲ್ಲ. ಆದರೆ ಅವಳು ಎತ್ತರ ಆಗ್ತಾ ಆಗ್ತಾ ಬಿಗಿಯಾದ ಮಾಂಸಖಂಡ ಮೂಳೆಯಷ್ಟು ಉದ್ದ ಬೆಳೆಯಲ್ಲ, ಹಿಮ್ಮಡಿ ನೆಲ ಬಿಡುತ್ತೆ. ಎಣ್ಣೆ ನಾನೂ ಹಚ್ತೀನಿ, ಅವಳಿಗೆ ಹಿತ. ನಡಿಗೆ ಬರೋದು ಮಾತ್ರ ನಡೆದ್ರೇನೇ.

ಬೆಂಗಳೂರು ಭಾವ: ಫಿಸಿಯೋದಿಂದ ಗುಣ ಆಗುತ್ತೆ ಅನ್ನೋಕಾದ್ರೂ ಸಾಕ್ಷಿ ಇದ್ಯಾ?

ನಾನು: ಗುಣ ಆಗುತ್ತೆ ಅಂತ ಯಾರೂ ಹೇಳಿಲ್ಲ ಭಾವ. ಬೇರೆಯವರು ಕಾಲು ಎಳೆದು ಬಿಟ್ರೆ ಅಷ್ಟು ಲಾಭ ಇಲ್ಲ, ಬೇಕಾದ ಕೆಲಸವನ್ನ ಮಗು ತಾನೇ ಮತ್ತೆ ಮತ್ತೆ ಮಾಡಬೇಕು ಅಂತ ಸಂಶೋಧನೆ ಹೇಳೋದು. ಹಾಗಾಗಿ ದೊಡ್ಡಪ್ಪ, ಈಗ ಅಳಿಸೋದಿಲ್ಲ. ಸ್ಟೂಲಿಂದ ಏಳೋದು, ಕಾಫಿ ಕಣದಲ್ಲಿ ಅಡ್ಡಡ್ಡ ಹೆಜ್ಜೆ ಹಾಕೋದು, ನೆಲದ ಮೇಲಿಟ್ಟ ಹಗ್ಗ ದಾಟೋದು, ನಿಂತಲ್ಲೇ ಚೆಂಡು ಹಿಡಿಯೋದು. ಪಾದ ನೇರ ಇರಲಿ ಅಂತ ಬೂಟಿನೊಳಗೆ ಎಎಫ್‌ಒ, ಅಂದ್ರೆ ಪಾದ-ಕಣಕಾಲು ಹಿಡಿದಿಡೋ ಪಟ್ಟಿ, ಹಾಕ್ತೀವಿ. ಇಂಥ ಮಕ್ಕಳು ಎಷ್ಟರ ಮಟ್ಟಿಗೆ ತಾವೇ ಓಡಾಡ್ತಾರೆ ಅಂತ ಹೇಳೋಕೆ ಜಿಎಂಎಫ್‌ಸಿಎಸ್ ಅಂತ 1997ರಿಂದ ಒಂದು ಅಳತೆ ಇದೆ, 5 ಹಂತ. ಪುಟ್ಟಿ ಎರಡನೇದು. ಸಮ ನೆಲದಲ್ಲಿ ತಾನೇ ನಡೀತಾಳೆ, ಮೆಟ್ಟಿಲಿಗೆ ಕಂಬಿ ಬೇಕು.

ಮಡಿಕೇರಿ ದೊಡ್ಡಪ್ಪ: ಇಷ್ಟು ನಡೆಯೋಳು ಹುತ್ತರಿ ಸುಗ್ಗಿ ಹಬ್ಬಕ್ಕೆ ನಮ್ಮ ಹಿರಿಯರ ಐನ್‌ಮನೆಗೆ ಯಾಕೆ ಬರಲಿಲ್ಲ?

ನಾನು: ಮೆಟ್ಟಿಲು ಪಾಚಿ ಕಟ್ಟಿದೆ, ಮಗುನ ಎತ್ತೋಕೆ ಜನ ಇಲ್ಲ, ಈ ಸಲ ಬೇಡ ಅಂದವರು ಇದೇ ಗ್ರೂಪಲ್ಲಿದ್ದಾರೆ.

ಕುಶಾಲನಗರ ಚಿಕ್ಕಮ್ಮ: ನಾನು ಕಾಳಜಿಯಿಂದ ಹೇಳಿದ್ದು. ಅದನ್ನ ಇಲ್ಲಿ ಎತ್ತಬೇಕಿತ್ತಾ?

ನಾನು: ಕಾಳಜಿ ಅಂತ ಗೊತ್ತು ಚಿಕ್ಕಮ್ಮ. ಆದ್ರೆ ವ್ಯಾಯಾಮಕ್ಕೆ ಅಳದ ಮಗು ಅವತ್ತು ಹುತ್ತರಿ ಪಟಾಕಿ ಸದ್ದು ಮನೇಲೇ ಕೂತು ಕೇಳಿ ಅತ್ತಳು. ಮೆಟ್ಟಿಲಿಗೆ ಕಂಬಿ ಹಾಕಿಸಿ, ಯಾರೂ ಎತ್ತೋದು ಬೇಡ.

ಮಡಿಕೇರಿ ದೊಡ್ಡಪ್ಪ: ಐನ್‌ಮನೆ ಎಲ್ಲರದ್ದು, ಕೇಳದೆ ಏನೂ ಮಾಡೋಕಾಗಲ್ಲ. ಹೆಂಚು ಹಾಕಿಸಿದ ಹಣವೇ ಕೆಲವರದ್ದು ಬಾಕಿ.

ಸಿದ್ದಾಪುರ ಅಣ್ಣ: ನಂದು ಕೊಟ್ಟಾಗಿದೆ!

ಬೆಂಗಳೂರು ಭಾವ: ಕಂಬಿ ಖರ್ಚು ನನ್ನದು. ಮೆಟ್ಟಿಲಿನ ಅಳತೆ ಯಾರಾದ್ರೂ ಕಳಿಸಿ.

ಸಿದ್ದಾಪುರ ಅಣ್ಣ: ಭಾನುವಾರ ಟೇಪ್ ತಗೊಂಡು ಹೋಗ್ತೀನಿ.

ಮಡಿಕೇರಿ ದೊಡ್ಡಪ್ಪ: ಒಂದು ಕಡೆ ಹಾಕಿದ್ರೆ ಸಾಕು.

ನಾನು: ಇಳಿಯುವಾಗ ಅವಳಿಗೆ ಬಲಗೈ ಆಸರೆ ಬೇಕು, ಹತ್ತುವಾಗಲೂ ಬಲಗೈಯೇ. ಎರಡೂ ಕಡೆ ಹಾಕಿಸಿ ದೊಡ್ಡಪ್ಪ.