ಹೊರಗಿನ ಓವರ್‌ಫ್ಲೋ ಬಾಕ್ಸ್ ನಿಮಿಷಕ್ಕೊಮ್ಮೆ "ಗೊಳಕ್" ಅನ್ನುತ್ತಿದೆ, ಪೈಪ್ ಬದಲಿಸಲಾ?

ಪ್ರಶ್ನೆ:
90×45×45 ಸೆಂ.ಮೀ. ಗಾಜಿನ ಮೀನಿನ ಟ್ಯಾಂಕಿಗೆ ಓವರ್‌ಫ್ಲೋ ಬಾಕ್ಸ್ (ಅಂಚು ದಾಟಿ ಬರುವ ನೀರನ್ನು ಹಿಡಿದು ಕೆಳಗಿಳಿಸುವ ಡಬ್ಬ) ನಾನೇ ಮಾಡಿ ಕೂರಿಸಿದ್ದೇನೆ. ಒಳಗಡೆ 30 ಸೆಂ.ಮೀ. ಉದ್ದದ ತೆಳು ಬಾಕ್ಸ್, ಹಿಂದಿನ ಗಾಜಿನಲ್ಲಿ ಎರಡು ತೂತು, ಆಚೆ ಕಡೆ ಇನ್ನೊಂದು ಬಾಕ್ಸ್. ಅದರ ತಳದಿಂದ 25 ಮಿ.ಮೀ. ಒಳ ಅಳತೆಯ ಎರಡು ಪಿವಿಸಿ ಪೈಪ್ ಸಂಪ್‌ಗೆ, ಅಂದರೆ ಟ್ಯಾಂಕಿನ ಕೆಳಗಿರುವ ತೊಟ್ಟಿಗೆ, ಇಳಿಯುತ್ತವೆ. ಅಲ್ಲಿಂದ ನೀರನ್ನು ಮತ್ತೆ ಟ್ಯಾಂಕಿಗೆ ಎತ್ತುವ ಪಂಪ್ ಗಂಟೆಗೆ 3000 ಲೀಟರ್‌ದು.

ಹೊರಗಿನ ಬಾಕ್ಸಿನಲ್ಲಿ ನೀರು ಮೆಲ್ಲಗೆ ಏರುತ್ತದೆ. ಆಮೇಲೆ ಯಾರೋ ಫ್ಲಶ್ ಮಾಡಿದ ಹಾಗೆ ಗೊಳಕ್ ಅಂತ ಅಷ್ಟೂ ಇಳಿದುಹೋಗುತ್ತದೆ. ಮತ್ತೆ ಏರುತ್ತದೆ. ರಾತ್ರಿಯಿಡೀ ಇದೇ. ಪೈಪ್ ಸಣ್ಣದಾಯ್ತು ಅಂತ ನನ್ನ ಲೆಕ್ಕ. ತೂತು ದೊಡ್ಡದು ಮಾಡಿ 40 ಮಿ.ಮೀ. ಹಾಕಲಾ? ಜೊತೆಗೆ ಒಂದು ಬಲ್ಕ್‌ಹೆಡ್ (ತೂತಿಗೆ ಪೈಪ್ ಬಿಗಿಯುವ ಜೋಡಣೆ) ನಟ್ ಕೆಳಗೆ ಹನಿ ಹನಿ ತೊಟ್ಟಿಕ್ಕುತ್ತಿದೆ. ವಾಶರ್ ಮೇಲೆ ಸಿಲಿಕೋನ್ ಬಳಿದರೂ ನಿಲ್ಲಲಿಲ್ಲ.

ಉತ್ತರ 1:
ಮೊದಲು ಡ್ರಿಲ್ ಕೆಳಗಿಡಿ ಸರ್. ಆಗಲೇ ಇರುವ ತೂತಿಗೆ ದೊಡ್ಡ ಹೋಲ್ ಸಾ (ದುಂಡಗೆ ಕೊರೆಯುವ ಬಿಟ್) ಹಿಡಿದರೆ ಅದು ನಿಲ್ಲದೆ ಜಾರುತ್ತದೆ, ಗಾಜು ಸೀಳುತ್ತದೆ.

ನಿಮ್ಮ ಪೈಪ್ ಸಣ್ಣದಲ್ಲ, ನಿಮ್ಮ ಪಂಪ್‌ಗೆ ಜಾಸ್ತಿಯೇ ಆಯ್ತು. ಬಾಕ್ಸ್ ತುಂಬಿ ಪೈಪಿನ ಬಾಯಿ ಮುಳುಗಿದ ಕೂಡಲೇ ಸೈಫನ್ ಹಿಡಿಯುತ್ತದೆ, ಅಂದರೆ ಗಾಳಿಯಿಲ್ಲದೆ ಪೈಪ್ ಪೂರ್ತಿ ನೀರು ತುಂಬಿ ಇಳಿಯುತ್ತದೆ. ಅದು ಪಂಪ್ ಕೊಡುವುದಕ್ಕಿಂತ ಬೇಗ ನೀರು ಎಳೆಯುತ್ತದೆ. ಬಾಕ್ಸ್ ಖಾಲಿಯಾಗಿ ಗಾಳಿ ನುಗ್ಗಿದರೆ ಸೈಫನ್ ಕಡಿಯುತ್ತದೆ. ಆ ಗೊಳಕ್ ಅದೇ. 40 ಮಿ.ಮೀ. ಹಾಕಿದರೆ ಇನ್ನೂ ಜೋರಾಗಿ ಗೊಳಕ್ ಅನ್ನುತ್ತದೆ ಅಷ್ಟೆ.

ಎರಡೂ ಪೈಪಿನ ಬಾಯಿ ಒಂದೇ ಎತ್ತರದಲ್ಲಿವೆಯಾ? ವಾಲ್ವ್ ಇದೆಯಾ? ಕೆಳಗಿನ ತುದಿ ಸಂಪ್ ನೀರಿನಲ್ಲಿ ಎಷ್ಟು ಆಳಕ್ಕೆ ಹೋಗಿದೆ?

ಪ್ರಶ್ನೆ ಕೇಳಿದವರು:
ಎರಡೂ ಒಂದೇ ಎತ್ತರ. ವಾಲ್ವ್ ಇಲ್ಲ. ಶಬ್ದ ಕಮ್ಮಿಯಾಗಲಿ ಅಂತ ತುದಿಯನ್ನು 15 ಸೆಂ.ಮೀ. ಮುಳುಗಿಸಿದ್ದೇನೆ.

ಉತ್ತರ 1:
ಹಾಗಾದರೆ ಮೂರೂ ಕಡೆ ಕೈ ಹಾಕಬೇಕು.

ಒಂದು ಪೈಪನ್ನು ಸೈಫನ್‌ಗೇ ಬಿಟ್ಟುಬಿಡಿ. ಅದರ ಬಾಯಿ ಬಾಕ್ಸಿನ ತಳದ ಹತ್ತಿರ ಇರಲಿ, ಸದಾ ನೀರೊಳಗೆ. ಬಾಯಿ ಮೇಲಕ್ಕೆ ಬಂದಷ್ಟೂ ನೀರಿನಲ್ಲಿ ಸುಳಿ ಎದ್ದು ಗಾಳಿ ಎಳೆದುಕೊಳ್ಳುತ್ತದೆ. ಕೆಳಗಡೆ, ಕೈಗೆ ಸಿಗುವ ಜಾಗದಲ್ಲಿ, ಗೇಟ್ ವಾಲ್ವ್ (ಹಲವು ಸುತ್ತು ತಿರುಗಿಸಿ ಮೆಲ್ಲಗೆ ಮುಚ್ಚುವಂಥದ್ದು) ಹಾಕಿ. ಬಾಲ್ ವಾಲ್ವ್ ಅಗ್ಗ ಅಂತ ಮೋಸಹೋಗಬೇಡಿ. ಅದು ಕಾಲು ಸುತ್ತಿನಲ್ಲಿ ಪೂರ್ತಿ ಮುಚ್ಚುತ್ತದೆ, ಕೂದಲೆಳೆಯಷ್ಟು ಹೊಂದಿಸಲು ಆಗುವುದಿಲ್ಲ.

ಎರಡನೇ ಪೈಪಿನ ಬಾಯಿ ಮೇಲೆ ಇರಲಿ, ಆದರೆ ಬಾಕ್ಸಿನ ಅಂಚಿಗಿಂತ ಸಾಕಷ್ಟು ಕೆಳಗೆ. ವಾಲ್ವನ್ನು ನಿಧಾನಕ್ಕೆ ಮುಚ್ಚುತ್ತಾ ಹೋಗಿ. ನೀರು ಏರಿ ಎರಡನೇ ಪೈಪಿನ ಅಂಚನ್ನು ಸವರಿಕೊಂಡು ನೂಲಿನಂತೆ ಇಳಿಯತೊಡಗಿದಾಗ ನಿಲ್ಲಿಸಿ. ಪಂಪ್ ಸ್ವಲ್ಪ ಹೆಚ್ಚುಕಮ್ಮಿ ಆದರೂ ಆ ನೂಲು ದಪ್ಪ ಸಣ್ಣ ಆಗುತ್ತದೆ, ಬಾಕ್ಸಿನ ಮಟ್ಟ ಅಲ್ಲಾಡುವುದಿಲ್ಲ.

ಸಂಪ್‌ನಲ್ಲಿ ತುದಿ 2–3 ಸೆಂ.ಮೀ. ಮುಳುಗಿದರೆ ಸಾಕು. 15 ಸೆಂ.ಮೀ. ಆದರೆ ಶುರುವಿನಲ್ಲಿ ಪೈಪಿನೊಳಗಿನ ಗಾಳಿ ಆಚೆ ಬರಲಿಕ್ಕೇ ಒದ್ದಾಡುತ್ತದೆ.

ಉತ್ತರ 2:
ನಟ್ ವಿಷಯ ನಾನು ಹೇಳ್ತೀನಿ, ಇದೇ ತಪ್ಪು ಮಾಡಿ ಒಂದು ಚಾಪೆ ಹಾಳು ಮಾಡಿಕೊಂಡವನು. ವಾಶರ್ ನಟ್ ಕಡೆಗೆ ಹಾಕಿದ್ದೀರಿ ಅಲ್ವಾ? ಅದು ನೀರಿರುವ ಕಡೆ, ಬಲ್ಕ್‌ಹೆಡ್‌ನ ಅಗಲ ಅಂಚಿನ ಅಡಿಗೆ ಬರಬೇಕು. ಹಳೇ ಸಿಲಿಕೋನ್ ಪೂರ್ತಿ ಕೆರೆದು, ಬರೀ ವಾಶರ್ ಕೂರಿಸಿ, ಕೈಯಲ್ಲಿ ಬಿಗಿ ಮಾಡಿ, ಮೇಲೆ ಕಾಲು ಸುತ್ತು. ಪಾನಾ ಹಿಡಿದು ಜೋರು ಮಾಡಿದರೆ ಗಾಜು ಹೋಗುತ್ತದೆ.

ಇನ್ನೊಂದು ಮಾತು. ನನಗೆ ಎರಡು ಪೈಪಿನ ಮೇಲೆ ನಂಬಿಕೆ ಇಲ್ಲ. ಸೈಫನ್ ಬಾಯಿಗೆ ಒಂದು ಬಸವನಹುಳು ಸಿಕ್ಕಿಕೊಂಡರೆ ಸಾಕು. ಮೂರನೆಯದು ಒಣಗಿದ್ದೇ ಇರಬೇಕು, ತುರ್ತಿಗೆ ಮಾತ್ರ.

ಉತ್ತರ 1:
ಹೊಸದಾಗಿ ಮಾಡುವವರು ಮೂರು ಪೈಪೇ ಇಡಲಿ, ನನ್ನ ತಕರಾರಿಲ್ಲ. ಇವರದು ಆಗಲೇ ನೀರು ತುಂಬಿರುವ ಟ್ಯಾಂಕ್. ಗೇಟ್ ವಾಲ್ವ್ ಪೂರ್ತಿ ಮುಚ್ಚಿ, ಪಕ್ಕದಲ್ಲೇ ನಿಂತು ನೋಡಲಿ. ಎರಡನೇ ಪೈಪ್ ಒಂದೇ ಇಡೀ ನೀರನ್ನು ತಡೆದುಕೊಂಡರೆ ಸರಿ. ಗದ್ದಲ ಮಾಡುತ್ತದೆ, ಮಾಡಲಿ. ಅದೇ ಅಲಾರಂ.

ಅಂದ ಹಾಗೆ ಕರೆಂಟ್ ಹೋದಾಗ ಸಂಪ್ ತಡೆಯುತ್ತದಾ ನೋಡಿದ್ದೀರಾ? 30 ಸೆಂ.ಮೀ. ಅಂಚಿನ ಮೇಲೆ ಗಂಟೆಗೆ 3000 ಲೀಟರ್ ಹರಿಯುವಾಗ ನೀರಿನ ದಪ್ಪ ಸುಮಾರು 13 ಮಿ.ಮೀ. ನಿಮ್ಮ ಟ್ಯಾಂಕಿನಲ್ಲಿ 1 ಸೆಂ.ಮೀ. ಅಂದರೆ 4 ಲೀಟರ್. ಪಂಪ್ ನಿಂತಾಗ ಸಂಪ್‌ಗೆ ಇಳಿಯುವುದು ಬರೀ ಅದೇ 5 ಲೀಟರ್ ಆಯ್ತು. ಜೊತೆಗೆ ಪಂಪಿನಿಂದ ಟ್ಯಾಂಕಿಗೆ ನೀರು ತರುವ ರಿಟರ್ನ್ ಪೈಪಿನ ಬಾಯಿ ಎಷ್ಟು ಕೆಳಗಿದೆಯೋ ಅಷ್ಟೂ ನೀರು ಸೈಫನ್ ಆಗಿ ಸಂಪ್‌ಗೆ ವಾಪಸ್ ಬರುತ್ತದೆ.

ಪ್ರಶ್ನೆ ಕೇಳಿದವರು:
ವಾಲ್ವ್ ಹಾಕಿ ನಾಲ್ಕು ದಿನ ಆಯ್ತು. ಶಬ್ದ ನಿಂತಿದೆ, ಕಿವಿ ಹತ್ತಿರ ಹಿಡಿದರೆ ಮಾತ್ರ ಸಣ್ಣ ಜುಳುಜುಳು. ವಾಶರ್ ನಟ್ ಕಡೆಗೇ ಇತ್ತು! ತಿರುಗಿಸಿದೆ, ಒಣಗಿದೆ. ವಾಲ್ವ್ ಮುಚ್ಚಿ ನೋಡಿದೆ, ಎರಡನೇ ಪೈಪ್ ಬೊಬ್ಬೆ ಹೊಡೆಯುತ್ತಾ ತಡೆದುಕೊಂಡಿತು.

ಪಂಪ್ ಆಫ್ ಮಾಡಿದಾಗ ಮಾತ್ರ ಎದೆ ಝಲ್ ಅಂತು. ರಿಟರ್ನ್ ಬಾಯಿ ಅಂಚಿಗಿಂತ 6 ಸೆಂ.ಮೀ. ಕೆಳಗಿತ್ತು. ಸಂಪ್ ಕಂಠದವರೆಗೆ ಬಂತು, ಬಕೆಟ್ ಹಿಡಿದು ಓಡಿದೆ. ಈಗ ಬಾಯಿಯನ್ನು ನೀರಿನ ಮೇಲ್ಮೈಗೆ ತಾಗುವಷ್ಟು ಮೇಲೆ ಎತ್ತಿದ್ದೇನೆ. ಪಂಪ್ ನಿಂತಾಗ ಗಾಳಿ ಒಳಹೋಗಿ ಸೈಫನ್ ಕಡಿಯಲಿ ಅಂತ ರಿಟರ್ನ್ ಪೈಪಿನಲ್ಲಿ ಒಂದು ಸಣ್ಣ ತೂತು ಕೊರೆಯೋಣ ಅಂತಲೂ ಇದೆ.

ಉತ್ತರ 2:
ಕೊರೆಯಿರಿ. ಆದರೆ ಅದರಲ್ಲಿ ಪಾಚಿ ಕಟ್ಟುತ್ತದೆ, ಆಗಾಗ ಹಲ್ಲುಕಡ್ಡಿ ಆಡಿಸ್ತಾ ಇರಿ.