ಅಪರಾಧ ತನಿಖೆಯ ಕೆಲಸಕ್ಕೆ ಸೇರುವ ದಾರಿ ಯಾವುದು?

ಪ್ರಶ್ನೆ: ಸರ್, ನಮಸ್ಕಾರ. ನಾನು ಹಾಸನದಲ್ಲಿ ಬಿ.ಎಸ್ಸಿ. ಕೊನೆಯ ವರ್ಷ ಓದುತ್ತಿದ್ದೇನೆ. ಕೊಲೆ, ಕಳವಿನಂತಹ ಪ್ರಕರಣಗಳನ್ನು ಭೇದಿಸುವ ಪೊಲೀಸ್ ಅಧಿಕಾರಿಯಾಗಬೇಕೆಂಬುದು ನನ್ನ ಆಸೆ. ಯಾವ ಪರೀಕ್ಷೆ ಬರೆಯಬೇಕು, ಈಗಿನಿಂದಲೇ ಏನನ್ನು ರೂಢಿಸಿಕೊಳ್ಳಬೇಕು?

ಉತ್ತರ (ನಿವೃತ್ತ ಪೊಲೀಸ್ ಇನ್‌ಸ್ಪೆಕ್ಟರ್): ನಮಸ್ಕಾರ. ಪದವೀಧರರಿಗೆ ನೇರವಾದ ದಾರಿಯೆಂದರೆ ಸಿವಿಲ್ ಪಿಎಸ್‌ಐ (ಪೊಲೀಸ್ ಸಬ್ ಇನ್‌ಸ್ಪೆಕ್ಟರ್) ನೇಮಕಾತಿ. ದೈಹಿಕ ಪರೀಕ್ಷೆಯ ಜೊತೆಗೆ ಪ್ರಬಂಧ, ಸಾರಾಂಶ ಲೇಖನ, ಭಾಷಾಂತರಗಳ 50 ಅಂಕಗಳ ಪತ್ರಿಕೆಯೂ 150 ಅಂಕಗಳ ವಸ್ತುನಿಷ್ಠ ಪತ್ರಿಕೆಯೂ ಇರುತ್ತವೆ. ಹೆಚ್ಚಿನವರು ಮೊದಲನೆಯದನ್ನು ಕಡೆಗಣಿಸುತ್ತಾರೆ. ಆದರೆ ತನಿಖಾಧಿಕಾರಿಗೆ ಸೇವೆಯುದ್ದಕ್ಕೂ ಆಸರೆಯಾಗುವುದು ಆ ಬರವಣಿಗೆಯೇ.

ನನ್ನ ಮೊದಲ ವರ್ಷಗಳಲ್ಲಿ ಒಂದು ಹಲ್ಲೆ ಪ್ರಕರಣದಲ್ಲಿ ಪಂಚರ, ಅಂದರೆ ಸ್ಥಳದಲ್ಲಿದ್ದು ನೋಡುವ ಸಾಕ್ಷಿಗಳ, ಸಮಕ್ಷಮ ಕುಡುಗೋಲನ್ನು ವಶಪಡಿಸಿಕೊಂಡು ಸೀಲು ಹಾಕಿದ್ದೆನಾದರೂ, ಸೀಲು ಹಾಕಿದ ಸಂಗತಿಯನ್ನು ಮಹಜರಿನಲ್ಲಿ (ಅವರೆದುರು ಬರೆಯುವ ದಾಖಲೆಯಲ್ಲಿ) ಬರೆಯಲು ಮರೆತಿದ್ದೆ. ಪಾಟೀಸವಾಲಿನಲ್ಲಿ ವಕೀಲರು ಅದನ್ನೇ ಹಿಡಿದರು, ಆರೋಪಿ ಬಿಡುಗಡೆಯಾದ. ಗಾಯಾಳುವಿನ ತಾಯಿ ನ್ಯಾಯಾಲಯದ ಮೆಟ್ಟಿಲ ಮೇಲೆ ಸುಮ್ಮನೆ ಕುಳಿತಿದ್ದುದು ಇಂದಿಗೂ ನನ್ನನ್ನು ಕಾಡುತ್ತದೆ.

ಆರೋಪಿಯಿಂದ ತಪ್ಪೊಪ್ಪಿಗೆ ಪಡೆದರೆ ಕೆಲಸ ಮುಗಿಯಿತೆಂದು ಹಲವರು ಭಾವಿಸುತ್ತಾರೆ. ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಮಿನಂತೆ, ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತುಪಡಿಸುವಂತಿಲ್ಲ; ವಶದಲ್ಲಿರುವ ಆರೋಪಿಯ ಮಾತಿನಿಂದ ಯಾವುದಾದರೂ ಸಂಗತಿ ಪತ್ತೆಯಾದರೆ, ಅದಕ್ಕೆ ನೇರವಾಗಿ ಸಂಬಂಧಿಸಿದಷ್ಟು ಮಾತಿಗೆ ಮಾತ್ರ ಬೆಲೆ. ಆದ್ದರಿಂದ ಬೆದರಿಸುವ ಕಲೆಗಿಂತ, ಕಂಡದ್ದನ್ನು ಕಂಡಂತೆ, ಹೊತ್ತು, ಜಾಗ, ಅಳತೆಗಳ ಸಹಿತ ದಾಖಲಿಸುವ ಅಭ್ಯಾಸವನ್ನು ಬೆಳೆಸಿಕೊಳ್ಳಿ.

ಪ್ರಶ್ನೆ: ನಾನು ಓದಿದ ವಿಜ್ಞಾನ ಇದರಲ್ಲಿ ಉಪಯೋಗಕ್ಕೆ ಬರುವುದೇ, ಸರ್?

ಉತ್ತರ: ಖಂಡಿತ ಬರುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ, ತನಿಖೆ ಮತ್ತು ವಿಚಾರಣೆಯ ವಿಧಾನವನ್ನು ಹೇಳುವ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು, ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬಂದು ಸಾಕ್ಷ್ಯ ಸಂಗ್ರಹಿಸುವುದನ್ನು ಹಂತಹಂತವಾಗಿ ಕಡ್ಡಾಯಗೊಳಿಸುತ್ತದೆ. ಶೋಧ ಮತ್ತು ಜಪ್ತಿಯ ವಿಡಿಯೊ ಚಿತ್ರೀಕರಣವನ್ನೂ ವಿಧಿಸಿದೆ. ಸಮವಸ್ತ್ರ ನಿಮಗೆ ಒಗ್ಗದೆಂದು ಅನ್ನಿಸಿದರೆ, ಅಪರಾಧ ಸ್ಥಳ ಪರಿಶೀಲನಾಧಿಕಾರಿಯ ಹುದ್ದೆಗೂ ಪ್ರಯತ್ನಿಸಬಹುದು.

ಅರ್ಜಿ ಹಾಕುವ ಮುನ್ನ ಒಂದು ಕೆಲಸ ಮಾಡಿ. ನಿಮ್ಮ ಜಿಲ್ಲಾ ನ್ಯಾಯಾಲಯದ ತೆರೆದ ಕಲಾಪದಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತು, ತನಿಖಾಧಿಕಾರಿಯೊಬ್ಬರು ಪಾಟೀಸವಾಲು ಎದುರಿಸುವುದನ್ನು ಒಂದು ದಿನ ಪೂರ್ತಿ ನೋಡಿ. ಆಮೇಲೆ ನಿಮ್ಮ ಅನಿಸಿಕೆಯನ್ನು ಇಲ್ಲಿಯೇ ಬರೆಯಿರಿ.